ಕಂಬಿಗೊಬ್ಬರು, ಮಣ್ಣಿಗೊಬ್ಬರು: ಕಟ್ಟಡದ ಕೆಲಸದಲ್ಲಿ ಕೊನೆಯ ಮಾತು ಯಾರದು?

ತುಮಕೂರಿನ ಕ್ಯಾತ್ಸಂದ್ರ, ಬಟವಾಡಿ ಕಡೆ ಹೊಸ ಮನೆ ಕಟ್ಟಿಸುವವರಲ್ಲಿ ಈಗ ತಾರಸಿ ಗಾರ್ಡನ್ ಕೇಳದವರು ಕಮ್ಮಿ. ಹುಲ್ಲು ಬೇಕು, ಎರಡು ಸಂಪಿಗೆ ಗಿಡ ಬೇಕು, ಕೂತುಕೊಳ್ಳಲು ಕಲ್ಲುಬೆಂಚು ಬೇಕು. ಒಳ್ಳೆಯ ಆಸೆಯೇ. ಆದರೆ ಈ ಮಾತು ಬರುವುದು ಮೋಲ್ಡ್ ಹಾಕಿ, ಸೆಂಟ್ರಿಂಗ್ ಬಿಚ್ಚಿ, ಬಣ್ಣ ಹೊಡೆಯುವ ಹೊತ್ತಿಗೆ. ಕಂಬಿ ಲೆಕ್ಕ ಹಾಕಿದ ಎಂಜಿನಿಯರ್ ಅಷ್ಟೊತ್ತಿಗೆ ಬೇರೆ ಸೈಟಿಗೆ ಹೋಗಿರುತ್ತಾರೆ. ಗಾರ್ಡನ್ ಮಾಡಿಕೊಡುವವರು ಅವರ ಮುಖವನ್ನೇ ನೋಡಿರುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಜನ ಓಡಾಡುವ ತಾರಸಿ ತಡೆಯಬೇಕು ಅಂತ ನಮ್ಮ ಐಎಸ್ 875 (ಕಟ್ಟಡದ ಹೊರೆ ಲೆಕ್ಕದ ಭಾರತೀಯ ಸಂಹಿತೆ) ಹೇಳುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಅದೇ ಜಾಗದಲ್ಲಿ ಒಂದಡಿ ಮಣ್ಣು ತುಂಬಿ, ಅದು ಮಳೆಯಲ್ಲಿ ಚೆನ್ನಾಗಿ ನೆನೆದರೆ ತೂಕ 550 ಕಿಲೋ ದಾಟುತ್ತದೆ. ಅಂದರೆ ಮೂರು ಪಟ್ಟಿಗೂ ಜಾಸ್ತಿ. ಮೊದಲೇ ಗೊತ್ತಿದ್ದರೆ ಕಂಬಿ ಸ್ವಲ್ಪ ಜಾಸ್ತಿ ಹಾಕಿ, ಸ್ಲ್ಯಾಬಿನ ದಪ್ಪ ಹೆಚ್ಚಿಸಿ, ನೀರು ಹರಿದುಹೋಗಲು ವಾಟ ಕೊಡಬಹುದಿತ್ತು. ಇಲ್ಲವೇ ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಿಶ್ರಣ ಸಾಕು ಅನ್ನಬಹುದಿತ್ತು. ಎರಡೂ ಕಷ್ಟದ ಕೆಲಸವಲ್ಲ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಕೊನೆಯ ಮಾತು ಹೇಳುವ ಒಬ್ಬರು ಬೇಕಿತ್ತು. ಇಷ್ಟು ಸರಳವಾದದ್ದು ಯಾಕೆ ಆಗುತ್ತಿಲ್ಲ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕೆರೆಗಳ ಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಕಡೆ ಬಿದ್ದ ಮಳೆಯನ್ನೇ ಹಿಡಿದಿಟ್ಟು ಬದುಕಬೇಕಿತ್ತು. ಕೆರೆ ಏರಿ ಅಂದರೆ ಅದೊಂದು ಪಕ್ಕಾ ಕಟ್ಟಡ. ಮಣ್ಣನ್ನು ಪದರ ಪದರವಾಗಿ ತುಳಿಸಿ ಗಟ್ಟಿ ಮಾಡಬೇಕು, ಒಳಮೈಗೆ ಅಲೆ ಹೊಡೆಯದಂತೆ ಕಲ್ಲು ಹಾಸಬೇಕು, ತೂಬಿನ ಸುತ್ತ ನೀರು ಜಿನುಗದಂತೆ ನೋಡಬೇಕು. ಆದರೆ ಏರಿ ಎಷ್ಟೆತ್ತರ ಅನ್ನುವುದನ್ನು ಏರಿಯೊಂದನ್ನೇ ನೋಡಿ ತೀರ್ಮಾನಿಸಲು ಆಗುತ್ತಿರಲಿಲ್ಲ. ಕೋಡಿ ಒಂದಡಿ ಎತ್ತರಿಸಿದರೆ ಹಿಂದಿನ ಹೊಲ ಮುಳುಗುತ್ತದೆ. ಒಂದಡಿ ಇಳಿಸಿದರೆ ಕೆರೆಯಲ್ಲಿ ಬೇಸಿಗೆಗೆ ನೀರು ಉಳಿಯುವುದಿಲ್ಲ. ಈ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಆಧಾರ. ಹಾಗಾಗಿ ಏರಿ ಕಟ್ಟುವವರಿಗೆ ಮೇಲಿನ ಗುಡ್ಡ, ಕಾಲುವೆ, ಕೆಳಗಿನ ಗದ್ದೆ ಎಲ್ಲವೂ ತಲೆಯಲ್ಲಿರಬೇಕಿತ್ತು. ಕಲ್ಲು-ಮಣ್ಣಿನ ಕೆಲಸದಲ್ಲಿ ಪಳಗಿದ ಭೋವಿ ಸಮುದಾಯದವರಿಗೆ, ತೂಬು ಎತ್ತುವ ನೀರುಗಂಟಿಗೆ ಈ ತಿಳಿವಳಿಕೆ ಕೈಯಲ್ಲೇ ಇತ್ತು. ಭೂಮಿ ಬೇರೆ, ಕಟ್ಟಡ ಬೇರೆ ಅಂತ ಅವರು ಯಾವತ್ತೂ ನೋಡಲಿಲ್ಲ.

ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಶುರುವಾದದ್ದು 1856ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಬೇಸಿಗೆಗೆ ನಂದಿ ಬೆಟ್ಟ ಹತ್ತುತ್ತಿದ್ದ ಅದೇ ಕಬ್ಬನ್. ಆಮೇಲೆ ಮುಖ್ಯ ಎಂಜಿನಿಯರ್ ಆಗಿ ಬಂದ ರಿಚರ್ಡ್ ಸ್ಯಾಂಕಿ ಬೆಂಗಳೂರಿನಲ್ಲಿ ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯನ್ನೂ ಕಟ್ಟಿಸಿದರು, 1870ರಲ್ಲಿ ಅದರ ಮುಂದಿನ ಕಬ್ಬನ್ ಪಾರ್ಕನ್ನೂ ರೂಪಿಸಿದರು. ಕಟ್ಟಡ, ಕೆರೆ, ಉದ್ಯಾನ ಮೂರೂ ಒಬ್ಬರ ಕೈಕೆಳಗೇ ಇದ್ದವು. ಕೆರೆಯ ವಿದ್ಯೆ ಊರಿನವರ ಕೈಯಿಂದ ಇಲಾಖೆಯ ಕೈಗೆ ಜಾರಿದ್ದೂ ಈ ಕಾಲದಲ್ಲೇ. ಅದು ದೊಡ್ಡ ನಷ್ಟ. ಆದರೂ ಉತ್ತರ ಹೇಳುವವರು ಒಬ್ಬರೇ ಇದ್ದರು ಅನ್ನುವುದನ್ನು ಮರೆಯುವಂತಿಲ್ಲ.

ವಿದ್ಯೆ ಎರಡಾಗಿದ್ದು ಮುಂದಿನ ತಲೆಮಾರಿನಲ್ಲಿ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎಂಜಿನಿಯರುಗಳ ಕೆಲಸ. ಅದರ ಬುಡದ ಬೃಂದಾವನ ಉದ್ಯಾನ ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕೆಲಸ. ಎರಡನ್ನೂ ಜೋಡಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲ್. ಅವರು ಎಂಜಿನಿಯರೂ ಅಲ್ಲ, ತೋಟದವರೂ ಅಲ್ಲ. ಆದರೆ ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಮಾಡುವ ಅಧಿಕಾರ ಅವರಿಗಿತ್ತು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೂ ಅವರ ಕಾಲದ್ದೇ. ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತದೆಯೇ ಸೈಫನ್ ಅನ್ನುವ ಬಾಗಿದ ಕೊಳವೆ ತಾನಾಗಿ ನೀರನ್ನು ಹೊರಗೆ ಬಿಡುತ್ತದೆ. ಕೋಡಿಯ ಹಳೇ ಬುದ್ಧಿಯನ್ನೇ ಕಾಂಕ್ರೀಟಿನಲ್ಲಿ ಮುಂದುವರಿಸಿದ ಹಾಗೆ ನನಗೆ ಕಾಣುತ್ತದೆ.

ಹೊರಗಿನ ದೇಶಗಳಲ್ಲೂ ಇದೇ ಕವಲು. ಲಂಡನ್ನಿನ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ 1922ರಲ್ಲಿ ಸ್ಟ್ರಕ್ಚರಲ್ ಎಂಜಿನಿಯರುಗಳ, ಅಂದರೆ ಕಟ್ಟಡದ ಬಲದ ಲೆಕ್ಕ ಹಾಕುವವರ, ಸಂಸ್ಥೆ ಅಂತ ಹೆಸರು ಬದಲಿಸಿಕೊಂಡಿತು. ಅಮೆರಿಕದಲ್ಲಿ ನೆಲ, ನೀರು, ಗಿಡಮರಗಳ ವಿನ್ಯಾಸ ಮಾಡುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರು 1899ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಬೇರೆಯಾದವರನ್ನು ಮತ್ತೆ ಒಂದೇ ಸೂರಿನಡಿ ತರಲು ಗಟ್ಟಿ ಪ್ರಯತ್ನ ಮಾಡಿದವರು ಎಂಜಿನಿಯರ್ ಓವ್ ಅರೂಪ್. 1946ರಲ್ಲಿ ಲಂಡನ್ನಿನಲ್ಲಿ ಸಂಸ್ಥೆ ಶುರು ಮಾಡಿದ ಅವರು, 1970ರಲ್ಲಿ ತಮ್ಮ ಪಾಲುದಾರರ ಮುಂದೆ ಮಾಡಿದ ಭಾಷಣದಲ್ಲಿ, ವಿನ್ಯಾಸದ ತೀರ್ಮಾನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಬೇಕು ಅನ್ನುವುದಕ್ಕೇ ಒತ್ತು ಕೊಟ್ಟರು.

ನಮ್ಮಲ್ಲಿ ಕಾನೂನು ಈ ಕವಲನ್ನು ಇನ್ನಷ್ಟು ಅಗಲ ಮಾಡಿತು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಆರ್ಕಿಟೆಕ್ಟ್ ಅನ್ನುವ ಹೆಸರಿಗೆ ರಕ್ಷಣೆ ಕೊಟ್ಟಿತು. ಆ ರಕ್ಷಣೆ ಹೆಸರಿಗೆ ಮಾತ್ರ, ಕೆಲಸಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಎಂಜಿನಿಯರುಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆಯೇ ಇಲ್ಲ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಅಪಾರ್ಟ್‌ಮೆಂಟುಗಳೂ ಕುಸಿದ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿಗೆ ಬೆಲೆ ಬಂತು. ಲ್ಯಾಂಡ್‌ಸ್ಕೇಪ್‌ನವರ ಸಂಘ ಹುಟ್ಟಿದ್ದು 2003ರಲ್ಲಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲ್ಯಾಂಡ್‌ಸ್ಕೇಪಿಗೆ ಪ್ರತ್ಯೇಕ ಭಾಗ ಇದೆ ನಿಜ. ಆದರೆ ಸಾಮಾನ್ಯ ಮನೆಯ ಪ್ಲಾನ್ ಸ್ಯಾಂಕ್ಷನ್ ಆಗುವಾಗ ಮಣ್ಣು, ಮರ, ನೀರಿನ ಹರಿವನ್ನು ನೋಡಿದವರು ಯಾರು ಅಂತ ಕೇಳುವವರಿಲ್ಲ.

ಇದರ ಬೆಲೆ ಏನು ಅಂತ ಗುಡ್ಡದ ಮೇಲೆ ಚೆನ್ನಾಗಿ ಕಾಣುತ್ತದೆ. 2021ರ ಆಗಸ್ಟ್ ಕೊನೆಯಲ್ಲಿ ಜೋರು ಮಳೆಗೆ ನಂದಿ ಬೆಟ್ಟದ ರಸ್ತೆ ಮೇಲೆ ಮಣ್ಣು, ಬಂಡೆ ಜಾರಿ ಬಂದು ದಾರಿಯೇ ಕಡಿದುಹೋಯಿತು. ಪ್ರವಾಸಿಗರಿಗೆ ಬೆಟ್ಟ ತಿಂಗಳುಗಟ್ಟಲೆ ಬಂದ್. ಇಳಿಜಾರಿನಲ್ಲಿ ತಡೆಗೋಡೆ ಕಟ್ಟುವುದು ಸ್ಟ್ರಕ್ಚರಿನವರ ಕೆಲಸ. ಆದರೆ ಆ ಗೋಡೆಯ ಹಣೆಬರಹ ಬರೆಯುವುದು ಹಿಂದಿನ ನೀರು. ಗೋಡೆಯ ಹಿಂದೆ ಮೂರು ಮೀಟರ್ ಎತ್ತರಕ್ಕೆ ನೀರು ನಿಂತರೆ, ಬುಡದಲ್ಲಿ ಚದರ ಮೀಟರಿಗೆ ಮೂರು ಟನ್ ಒತ್ತಡ. ಮಣ್ಣಿನ ಒತ್ತಡ ಬೇರೆ. ಗೋಡೆಯಲ್ಲಿ ನೀರು ಇಳಿಯುವ ತೂತು ಬಿಟ್ಟು, ಅದರ ಹಿಂದೆ ಜಲ್ಲಿ ತುಂಬಿ, ಮೇಲಿನ ಇಳಿಜಾರಿನಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ ತೆಗೆದು, ಬೇರು ಹಿಡಿಯುವ ಹುಲ್ಲು, ಪೊದೆ ಬೆಳೆಸಿದರೆ ಅರ್ಧ ಭಾರ ಅಲ್ಲೇ ಕಮ್ಮಿ ಆಗುತ್ತದೆ. ಇದರಲ್ಲಿ ಯಾವುದು ಎಂಜಿನಿಯರ್ ಕೆಲಸ, ಯಾವುದು ಲ್ಯಾಂಡ್‌ಸ್ಕೇಪ್ ಕೆಲಸ ಅಂತ ಗೆರೆ ಎಳೆಯಲು ಹೊರಟರೆ ಗೆರೆಯೇ ಸಿಗುವುದಿಲ್ಲ.

ಈಗ ಸ್ಟ್ರಕ್ಚರ್, ಲ್ಯಾಂಡ್‌ಸ್ಕೇಪ್ ಎರಡೂ ಕೆಲಸವನ್ನು ಒಟ್ಟಿಗೆ ಮಾಡಿಕೊಡುತ್ತೇವೆ ಅನ್ನುವ ಸಂಸ್ಥೆಗಳಿವೆ. ಬೇಕಾದದ್ದೇ ಅದು. ಆದರೆ ಬೋರ್ಡಿನಲ್ಲಿ ಎರಡೂ ಹೆಸರು ಇದ್ದ ಮಾತ್ರಕ್ಕೆ ಸಾಲದು. ಎಷ್ಟೋ ಕಡೆ ಕಂಬಿ-ಕಾಂಕ್ರೀಟಿನವರೇ ಯಜಮಾನರು, ಗಿಡದವರನ್ನು ಕರೆಯುವುದು ಕಡೆಗೆ, ದುಡ್ಡು ಮುಗಿದ ಮೇಲೆ. ಸಂಸ್ಥೆಯ ಮುಖ್ಯಸ್ಥರಿಗೆ ಎರಡೂ ಪದವಿ ಇರಲೇಬೇಕು ಅಂತಲ್ಲ. ಮಣ್ಣು ಪರೀಕ್ಷೆಯ ದಿನವೇ ಲ್ಯಾಂಡ್‌ಸ್ಕೇಪಿನವರನ್ನು ಸೈಟಿಗೆ ಕರೆಸಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ನಕ್ಷೆ ಇಲ್ಲದೆ ಪಾಯ ತೆಗೆಯಲು ಬಿಡಬಾರದು. ಮಣ್ಣಿನವರು ಬೇಡ ಅಂದರೆ ಕಾಂಕ್ರೀಟ್ ಲಾರಿಯನ್ನು ವಾಪಸ್ ಕಳಿಸುವ ಧೈರ್ಯ ಇರಬೇಕು. ಹತ್ತು ಜನ ತಜ್ಞರಿದ್ದೂ ಇದನ್ನು ಮಾಡುವವರು ಒಬ್ಬರೂ ಇಲ್ಲದಿದ್ದರೆ ಆ ಸಂಸ್ಥೆಗೆ ನಾಯಕತ್ವ ಇದೆ ಅಂತ ನಾನು ಒಪ್ಪುವುದಿಲ್ಲ.

ಕಟ್ಟಿಸುವವರೂ ಇದನ್ನು ಕೇಳಿ ಪಡೆಯಬಹುದು. ಮೊದಲ ಮೀಟಿಂಗಿನಲ್ಲೇ ಕೇಳಿ: ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಸೈಟಿಗೆ ಬಂದು ನೋಡುವವರು ಯಾರು? ತಾರಸಿಯ ಮಣ್ಣಿನ ತೂಕ ಕಂಬಿ ಲೆಕ್ಕದಲ್ಲಿ ಸೇರಿದೆ ಅಂತ ಸಹಿ ಹಾಕುವವರು ಯಾರು? ಎರಡಕ್ಕೂ ಒಂದೇ ಹೆಸರು ಬರಬೇಕು. ಆ ಹೆಸರು ಡ್ರಾಯಿಂಗ್ ಮೇಲೆ ಬರುವ ತನಕ ಮೋಲ್ಡ್ ಹಾಕಲು ದಿನ ಗೊತ್ತು ಮಾಡಬೇಡಿ.