ಪ್ರೀತಿಯ ದೇವರು ಹೊಸ ಒಡಂಬಡಿಕೆಯಲ್ಲಿ ಮಾತ್ರವೇ?

ಪ್ರಶ್ನೆ: ಹಳೆಯ ಒಡಂಬಡಿಕೆಯ ದೇವರು ಸಿಟ್ಟಿನ ದೇವರು, ಯೇಸು ತೋರಿಸಿದ್ದು ಪ್ರೀತಿಯ ದೇವರು. ಹಾಗಾದರೆ ಯೆಹೂದ್ಯರ ಗ್ರಂಥವನ್ನು ಕ್ರೈಸ್ತರು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?

ಮತ್ತೆ ಇದೇ ಪ್ರಶ್ನೆ! ಸರಿ, ಮೊದಲು ಚಿಕ್ಕ ಉತ್ತರ. ಯೇಸುವಿಗೆ ಇದ್ದದ್ದೇ ಆ ಗ್ರಂಥ, ಅಂದರೆ ಕ್ರೈಸ್ತರ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ. ನಜರೇತಿನ ಸಭಾಮಂದಿರದಲ್ಲಿ ಸಬ್ಬತ್ ಎಂಬ ವಿಶ್ರಾಂತಿಯ ದಿನ ಎದ್ದು ನಿಂತು ಓದಿದ್ದು ಅದರಲ್ಲಿನ ಪ್ರವಾದಿ ಯೆಶಾಯನ ಸುರುಳಿ. ಶಿಲುಬೆಯ ಮೇಲೆ ಕೂಗಿದ್ದು ಅದೇ ಗ್ರಂಥದ 22ನೇ ಕೀರ್ತನೆಯ ಮೊದಲ ಮಾತು. ಹೊಸ ಒಡಂಬಡಿಕೆಯನ್ನು ಆಗಿನ್ನೂ ಯಾರೂ ಬರೆದಿರಲಿಲ್ಲ.

ಆದರೆ ಪ್ರಶ್ನೆಯೊಳಗೆ ಒಂದು ತಪ್ಪು ತಿಳಿವಳಿಕೆ ಬೇರೂರಿ ಕೂತಿದೆಯಲ್ಲ, ಅದನ್ನು ಸುಮ್ನೆ ಬಿಡುವಂತಿಲ್ಲ.

ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಎಲ್ಲಿದೆ? ಕೇಳಿದರೆ ಥಟ್ಟನೆ "ಸುವಾರ್ತೆಯಲ್ಲಿ" ಅನ್ನುತ್ತಾರೆ. ಇದೆ, ನಿಜ. ಆದರೆ ಅದು ಬಂದದ್ದು ಹಳೆಯ ಒಡಂಬಡಿಕೆಯ ಮೂರನೇ ಪುಸ್ತಕವಾದ ಯಾಜಕಕಾಂಡದ 19:18ರಿಂದ. ಬಲಿ, ರಕ್ತ, ಮೈಲಿಗೆ ಎಂದು ನೀವೆಲ್ಲ ಪುಟ ಹಾರಿಸುತ್ತೀರಲ್ಲ, ಅದೇ ಯಾಜಕಕಾಂಡ. ಆ ಅಧ್ಯಾಯ ಒಮ್ಮೆ ಓದಿ. ಹೊಲದ ಅಂಚಿನ ಪೈರು ಕೊಯ್ಯಬೇಡ, ಉದುರಿದ ದ್ರಾಕ್ಷಿ ಆರಿಸಬೇಡ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ. 34ನೇ ವಚನಕ್ಕೆ ಬಂದರೆ, ಪರದೇಶಿಯನ್ನೂ ನಿನ್ನಂತೆಯೇ ಪ್ರೀತಿಸು ಎಂದಿದೆ. ಸಿಟ್ಟಿನ ದೇವರು ಆಡುವ ಮಾತೇ ಇದು?

"ಅದನ್ನೆಲ್ಲ ಹೆಕ್ಕಿ ತೆಗೆದವರು ಯೇಸು ತಾನೇ?" ಅದೂ ಪೂರ್ತಿ ಸರಿಯಲ್ಲ. ಲೂಕ 10 ತೆಗೆಯಿರಿ. ನಿತ್ಯಜೀವಕ್ಕೆ ಏನು ಮಾಡಬೇಕು ಎಂದು ಒಬ್ಬ ಯೆಹೂದ್ಯ ಧರ್ಮೋಪದೇಶಕ ಕೇಳುತ್ತಾನೆ. ಧರ್ಮಶಾಸ್ತ್ರ ಏನು ಹೇಳುತ್ತದೆ ಎಂದು ಯೇಸು ತಿರುಗಿ ಅವನನ್ನೇ ಕೇಳುತ್ತಾರೆ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂದು ಎರಡನ್ನೂ ಜೋಡಿಸಿ ಒಪ್ಪಿಸುವವನು ಆ ಮನುಷ್ಯನೇ! ಸರಿಯಾಗಿ ಹೇಳಿದೆ ಎನ್ನುತ್ತಾರೆ ಯೇಸು.

ಇನ್ನು ಸಿಟ್ಟು ಬೇಕೆಂದರೆ ಹೊಸ ಒಡಂಬಡಿಕೆಯಲ್ಲೂ ಬರವಿಲ್ಲ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಪ್ಫೈರ ದಂಪತಿ ಸುಳ್ಳು ಹೇಳಿ ನಿಂತಲ್ಲೇ ಬಿದ್ದು ಸತ್ತರು.

ಎರಡು ದೇವರ ಈ ವಾದ ಹಳೆಯದು. ಕಪ್ಪು ಸಮುದ್ರದ ದಡದ ಸಿನೋಪೆ ಊರಿನ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಇದನ್ನೇ ಹೇಳುತ್ತಿದ್ದ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನು ಹಳೆಯ ಒಡಂಬಡಿಕೆಯನ್ನು ಪೂರಾ ಕೈಬಿಟ್ಟ. ಅಷ್ಟಕ್ಕೇ ಮುಗಿಯಲಿಲ್ಲ, ಲೂಕನ ಸುವಾರ್ತೆಗೂ ಕತ್ತರಿ ಹಾಕಬೇಕಾಯಿತು. ಹಾಕದೆ ಇನ್ನೇನು, ಅದರ ತುಂಬ ಯೆಹೂದ್ಯರ ಗ್ರಂಥದ ಮಾತುಗಳೇ ಅಲ್ವಾ?

ಯಾರೂ ಕೇಳಲಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ಯೆಹೂದ್ಯರ ಬೈಬಲ್ಲಿನಲ್ಲಿ 24 ಪುಸ್ತಕ, ಪ್ರಾಟೆಸ್ಟೆಂಟರ ಹಳೆಯ ಒಡಂಬಡಿಕೆಯಲ್ಲಿ 39. ಒಳಗಿರುವುದು ಒಂದೇ, ಎಣಿಕೆ ಬೇರೆ. ಯೆಹೂದ್ಯರಿಗೆ ಹನ್ನೆರಡು ಚಿಕ್ಕ ಪ್ರವಾದಿಗಳು ಸೇರಿ ಒಂದು ಪುಸ್ತಕ. ನಿಜವಾದ ವ್ಯತ್ಯಾಸ ಜೋಡಣೆಯಲ್ಲಿದೆ. ನಮ್ಮದು ಮಲಾಕಿಯನಲ್ಲಿ ಮುಗಿಯುತ್ತದೆ, ಪ್ರವಾದಿ ಎಲೀಯನನ್ನು ಕಳಿಸುತ್ತೇನೆ ಎಂಬ ದೇವರ ಮಾತಿನೊಂದಿಗೆ. ಅವರದು ಪೂರ್ವಕಾಲವೃತ್ತಾಂತದಲ್ಲಿ. ಹೇಬೆಲನ ರಕ್ತದಿಂದ ಜಕರೀಯನ ರಕ್ತದವರೆಗೆ ಎಂದು ಲೂಕ 11ರಲ್ಲಿ ಯೇಸು ಹೇಳುತ್ತಾರಲ್ಲ, ಕೊಲೆಯಾದ ಹೇಬೆಲ ಸಿಗುವುದು ಮೊದಲ ಪುಸ್ತಕವಾದ ಆದಿಕಾಂಡದಲ್ಲಿ, ಜಕರೀಯನ ಕೊಲೆ ಅವರ ಕೊನೆಯ ಪುಸ್ತಕವಾದ ಪೂರ್ವಕಾಲವೃತ್ತಾಂತದಲ್ಲಿ. ಯೆಹೂದ್ಯರ ಈ ಜೋಡಣೆ ಯೇಸುವಿಗೂ ಗೊತ್ತಿತ್ತು ಎನ್ನುವ ವಿದ್ವಾಂಸರು ತೋರಿಸುವುದು ಈ ವಚನವನ್ನೇ.