ನೆಟ್ ಹೋದಾಗ ಒಂದು ಗೇಮ್ ಓಡುತ್ತದೆ, ಇನ್ನೊಂದು ನಿಲ್ಲುತ್ತದೆ. ಯಾಕೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ತೋಟದ ಮನೆ. ಜೋರು ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಆಗಲೂ ಮಗ ಮೊಬೈಲಿನಲ್ಲಿ ಲೂಡೋ ಆಡುತ್ತಾನೆ. ಬಿಜಿಎಂಐ ಅನ್ನೋ ಗುಂಡು ಹಾರಿಸುವ ಆಟ ಮಾತ್ರ ಓಪನ್ನೇ ಆಗಲ್ಲ ಅಂತಾನೆ. ಎರಡೂ ಗೇಮೇ ಅಲ್ವಾ?

ಉತ್ತರ: ಎರಡೂ ಗೇಮೇ. ಆದರೆ ಲೂಡೋ ಆಟದ ಲೆಕ್ಕ ನಿಮ್ಮ ಮಗನ ಮೊಬೈಲಿನೊಳಗೇ ನಡೆಯುತ್ತದೆ. ಬಿಜಿಎಂಐ ಲೆಕ್ಕ ನಡೆಯುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ಅಂದರೆ ಗೇಮ್ ಕಂಪನಿಯ ಕಂಪ್ಯೂಟರಿನಲ್ಲಿ.

ಒಂದು ಕಾರ್ ರೇಸ್ ಗೇಮ್ ತಗೊಳ್ಳಿ. ಎಡಕ್ಕೆ ತಿರುಗಿಸಲು ಬೆರಳು ಒತ್ತುತ್ತೀರಿ. ಬೆರಳು ಎಲ್ಲಿದೆ ಅಂತ ಮೊಬೈಲ್ ನೋಡುತ್ತದೆ. ಕಾರು ಎಷ್ಟು ತಿರುಗಬೇಕು, ಗೋಡೆಗೆ ಬಡಿಯಿತಾ ಅಂತ ಲೆಕ್ಕ ಹಾಕುತ್ತದೆ. ಆಮೇಲೆ ಹೊಸ ಚಿತ್ರ ಬಿಡಿಸುತ್ತದೆ. ಇದಿಷ್ಟೂ ಸೆಕೆಂಡಿಗೆ 30 ಸಲ, ಒಳ್ಳೆಯ ಮೊಬೈಲಾದರೆ 60 ಸಲ. 60 ಸಲ ಅಂದರೆ ಒಂದು ಸುತ್ತಿಗೆ ಸುಮಾರು 17 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಲ್ಲೊಂದು ಪಾಲೇ ಮಿಲಿಸೆಕೆಂಡ್)! ಸಿನಿಮಾದ ಚಿತ್ರಗಳು ಮೊದಲೇ ತಯಾರಾಗಿರುತ್ತವೆ. ಗೇಮಿನಲ್ಲಿ ನಿಮ್ಮ ಬೆರಳು ನೋಡಿಕೊಂಡೇ ಮುಂದಿನ ಚಿತ್ರ ಹುಟ್ಟುತ್ತದೆ. ನನಗಂತೂ ಗೇಮಿನ ಸೊಗಸು ಇರುವುದೇ ಇಲ್ಲಿ. ಈ ಕೆಲಸಕ್ಕೆ ನೆಟ್ ಬೇಕಿಲ್ಲ. 1997ರಲ್ಲಿ ಬಂದ ನೋಕಿಯಾ 6110 ಫೋನಿನ ಹಾವಿನ ಆಟವೂ ಹೀಗೇ ಓಡುತ್ತಿತ್ತು.

ಬಿಜಿಎಂಐನಲ್ಲಿ ಒಂದೇ ಮ್ಯಾಚಿಗೆ 100 ಜನರವರೆಗೆ ಇಳಿಯುತ್ತಾರೆ. ಯಾರ ಗುಂಡು ಯಾರಿಗೆ ಮೊದಲು ತಗುಲಿತು ಅಂತ ಒಬ್ಬೊಬ್ಬರ ಮೊಬೈಲೂ ಒಂದೊಂದು ಹೇಳಿದರೆ ಜಗಳ ಮುಗಿಯಲ್ಲ. ನಮ್ಮ ಕೊಡವ ಹಾಕಿ ಹಬ್ಬದ ಮೈದಾನದಲ್ಲಿ ಗೋಲು ಹೌದೋ ಅಲ್ಲವೋ ಅಂತ ಹೇಳುವುದು ಅಂಪೈರ್ ತಾನೇ? ಇಲ್ಲಿ ಸರ್ವರ್ರೇ ಅಂಪೈರ್. ಅಂಪೈರ್ ಇಲ್ಲದೆ ಮ್ಯಾಚ್ ಶುರುವಾಗಲ್ಲ.

ನೆಟ್ ಪೂರ್ತಿ ಹೋಗದೆ ಅರೆಬರೆ ಇದ್ದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಓಡುತ್ತಿದ್ದ ಆಟಗಾರ ತಟ್ಟನೆ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲುತ್ತಾನೆ. ಮಗ ಮೊಬೈಲನ್ನೇ ಬೈಯುತ್ತಾನೆ, ಆದರೆ ತಪ್ಪು ಮೊಬೈಲಿನದಲ್ಲ. ಸರ್ವರ್ ಉತ್ತರ ಬರುವವರೆಗೆ ಕಾದರೆ ಆಟ ತೆವಳುತ್ತದೆ ಅಂತ ಮೊಬೈಲ್ ತಾನೇ ಊಹಿಸಿ ಅವನನ್ನು ಓಡಿಸಿರುತ್ತದೆ. ತಡವಾಗಿ ಬಂದ ಉತ್ತರ 'ಅವನು ಇನ್ನೂ ಅಲ್ಲೇ ಇದ್ದಾನೆ' ಅನ್ನುತ್ತದೆ. ಆಗ ಮೊಬೈಲ್ ಅವನನ್ನು ವಾಪಸ್ ಎಳೆದುಕೊಳ್ಳುತ್ತದೆ.

ಸುದ್ದಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯಕ್ಕೆ ಪಿಂಗ್ ಅನ್ನುತ್ತಾರೆ. 50 ಮಿಲಿಸೆಕೆಂಡಿನೊಳಗಿದ್ದರೆ ಆಟ ಸಲೀಸು. 200 ದಾಟಿದರೆ ಆಡುವುದೇ ಕಷ್ಟ. ಆಡುವಾಗ ಹೋಗಿ ಬರುವ ಡೇಟಾ ವಿಡಿಯೋ ನೋಡುವುದಕ್ಕಿಂತ ಬಹಳ ಕಡಿಮೆ. ಹಾಗಾಗಿ ಪಿಂಗ್ ಸರಿ ಇಲ್ಲದಾಗ ಸುಮ್ನೆ ಜಾಸ್ತಿ ಡೇಟಾದ ಪ್ಯಾಕ್ ಹಾಕಿಸಿ ಪ್ರಯೋಜನವಿಲ್ಲ.

ಮಳೆಯಲ್ಲಿ ನೆಟ್ ಹೋಗುವುದಕ್ಕೆ ಮುಖ್ಯ ಕಾರಣ ಕರೆಂಟೇ. ಮರ ಬಿದ್ದು ಲೈನ್ ಹೋದರೆ ಟವರ್ ಬ್ಯಾಟರಿ ಮೇಲೆ ನಿಲ್ಲಬೇಕು. ಅದು ಮುಗಿದ ಮೇಲೆ ಜನರೇಟರ್ ಓಡದಿದ್ದರೆ ಟವರ್ರೂ ಬಂದ್.

ಲೂಡೋ ಕೂಡ ಮನೆಯಲ್ಲಿ ನಾಲ್ಕು ಜನ ಒಂದೇ ಮೊಬೈಲ್ ಕೈಯಿಂದ ಕೈಗೆ ಕೊಟ್ಟು ಆಡಿದರೆ ಓಡುತ್ತದೆ. ಬೆಂಗಳೂರಿನ ಚಿಕ್ಕಪ್ಪನ ಜೊತೆ ಆಡಲು ನೆಟ್ ಬೇಕೇ ಬೇಕು. ಒಂದೇ ಕೋಣೆಯಲ್ಲಿ ಎರಡು ಮೊಬೈಲ್ ಇದ್ದರೆ ಮಿನಿ ಮಿಲಿಷಿಯಾದಂಥ ಗೇಮ್‌ಗಳನ್ನು ಹಾಟ್‌ಸ್ಪಾಟ್ ಹಾಕಿಕೊಂಡು ಆಡಬಹುದು. ಅಲ್ಲಿ ಒಂದು ಮೊಬೈಲೇ ಸರ್ವರ್ ಆಗುತ್ತದೆ. ಅಣ್ಣತಮ್ಮಂದಿರು ಮಳೆಗೆ ಮನೆಯೊಳಗೇ ಕೂತ ದಿನ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ.

ಮಗನಿಗೆ ಒಂದು ಕೆಲಸ ಹೇಳಿ. ಜೂನ್ ಮಳೆಗೆ ಮೊದಲೇ, ಒಳ್ಳೆಯ ವೈಫೈ ಸಿಕ್ಕಿದ ಕಡೆ ಬೇಕಾದ ಗೇಮ್ ಹಾಕಿ ಅಪ್‌ಡೇಟ್ ಮಾಡಿಟ್ಟುಕೊಳ್ಳಲಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಂದೊಂದನ್ನೂ ತೆರೆದು ನೋಡಲಿ. ಒಬ್ಬರೇ ಆಡುವ ಕೆಲವು ಗೇಮ್‌ಗಳೂ ಲಾಗಿನ್‌ಗೆ ಅಂತ ನೆಟ್ ಕೇಳಿ ಅಲ್ಲೇ ನಿಂತುಬಿಡುತ್ತವೆ. ಅಂಥವನ್ನು ಆಗಲೇ ತೆಗೆದುಹಾಕಿದರೆ ಮೊಬೈಲಿನಲ್ಲಿ ಜಾಗವಾದರೂ ಉಳಿಯುತ್ತದೆ.