ಫೆಲ್ಪ್ಸ್ ಹೊರಟ ಮೇಲೆ ಸ್ಯಾಡ್ಲರ್ಸ್ ವೆಲ್ಸ್‌ಗೆ ಏನಾಯಿತು?

ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿರುವ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರಿಗೆ ಈಗ ಜನ ಹೋಗುವುದು ಹೆಚ್ಚಾಗಿ ನೃತ್ಯ ನೋಡಲು. ಆದರೆ 1844ರಿಂದ 1862ರವರೆಗೆ ಅದು ಶೇಕ್ಸ್‌ಪಿಯರ್ ನಾಟಕಗಳ ಮನೆಯಾಗಿತ್ತು. ಹಾಗೆ ಮಾಡಿದವರು ನಟ ಸ್ಯಾಮ್ಯುಯೆಲ್ ಫೆಲ್ಪ್ಸ್.

ಅಲ್ಲಿಯವರೆಗೆ ಶೇಕ್ಸ್‌ಪಿಯರ್ ಆಡುವ ಹಕ್ಕು ಡ್ರೂರಿ ಲೇನ್, ಕೋವೆಂಟ್ ಗಾರ್ಡನ್‌ನಂಥ ಬೆರಳೆಣಿಕೆಯ ಥಿಯೇಟರುಗಳಿಗಷ್ಟೇ ಇತ್ತು. ಉಳಿದವರು ಹಾಡು, ಕುಣಿತ, ಕಸರತ್ತು ತೋರಿಸಿ ಬದುಕಬೇಕಿತ್ತು. ಸ್ಯಾಡ್ಲರ್ಸ್ ವೆಲ್ಸ್‌ನವರಂತೂ 1804ರಲ್ಲಿ ವೇದಿಕೆಯ ಮೇಲೇ ದೊಡ್ಡ ತೊಟ್ಟಿ ಕಟ್ಟಿ, ಪಕ್ಕದ ನ್ಯೂ ರಿವರ್ ಕಾಲುವೆಯ ನೀರು ತುಂಬಿಸಿ, ಹಡಗುಗಳ ಕಾಳಗ ತೋರಿಸಿದ್ದರು! 1843ರ ಕಾನೂನು ಆ ಹಳೆಯ ಹಕ್ಕನ್ನು ಮುರಿಯಿತು. ಮರುವರ್ಷವೇ ಫೆಲ್ಪ್ಸ್ ಇಲ್ಲಿ 'ಮ್ಯಾಕ್‌ಬೆತ್' ಶುರು ಮಾಡಿದರು.

ಶುರುವಿನಲ್ಲಿ ಗಲಾಟೆಯೋ ಗಲಾಟೆ. ನಾಟಕ ನಡೆಯುವಾಗಲೇ ಬಿಯರ್ ಮಾರುವವರು, ಕರಿದ ಮೀನಿನ ವಾಸನೆ, ಅಳುವ ಕೂಸುಗಳು, ಗ್ಯಾಲರಿಯಲ್ಲಿ ಬೈಗುಳ. ಫೆಲ್ಪ್ಸ್ ಒಂದೊಂದನ್ನೇ ನಿಲ್ಲಿಸಿದರು. ಆದರೆ ಆ ಜನರನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಅದೇ ಬೀದಿಗಳ ಗುಮಾಸ್ತರು, ಕುಶಲಕರ್ಮಿಗಳು ಸದ್ದಿಲ್ಲದೆ ಕೂತು ಶೇಕ್ಸ್‌ಪಿಯರ್ ಕೇಳಿದರು. ನನಗೆ ಫೆಲ್ಪ್ಸ್ ಅವರ ಅತಿ ದೊಡ್ಡ ಕೆಲಸ ಅನಿಸುವುದು ಇದೇ. ಹದಿನೆಂಟು ವರ್ಷಗಳಲ್ಲಿ ಶೇಕ್ಸ್‌ಪಿಯರ್‌ನ ಮೂವತ್ತಕ್ಕೂ ಹೆಚ್ಚು ನಾಟಕ ಆಡಿದರು. 1853ರ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'ನಲ್ಲಿ ವೇದಿಕೆಯ ಮುಂದೆ ತೆಳುವಾದ ಹಸಿರು ಜಾಲರಿ ಬಟ್ಟೆ ಇಳಿಬಿಟ್ಟಿದ್ದರು. ಅದರ ಹಿಂದಿನ ಕಾಡು, ಯಕ್ಷಿಣಿಯರು ಎಲ್ಲವೂ ಮಂಜಿನಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಕತ್ತೆಯ ತಲೆ ಬರುವ ಬಾಟಮ್ ಪಾತ್ರ ಸ್ವತಃ ಫೆಲ್ಪ್ಸ್ ಅವರದು.

ಲೆಕ್ಕಪತ್ರವೆಲ್ಲ ನೋಡಿಕೊಳ್ಳುತ್ತಿದ್ದವರು ಪಾಲುದಾರ ಗ್ರೀನ್‌ವುಡ್. 1860ರಲ್ಲಿ ಅವರು ಬಿಟ್ಟು ಹೋದರು. ಪಾತ್ರವನ್ನೂ ಮಾಡಿ, ಕಂಪನಿಯನ್ನೂ ಒಬ್ಬರೇ ಸಾಕುವುದು ಸುಮ್ನೆ ಮಾತಲ್ಲ, ಅಲ್ವಾ? 1862ರಲ್ಲಿ ಫೆಲ್ಪ್ಸ್ ಕೂಡ ಹೊರಟರು. ನಟನೆ ಬಿಡಲಿಲ್ಲ, ಬೇರೆ ಕಡೆ ಆಡುತ್ತಲೇ ಇದ್ದರು. ಆದರೆ ಥಿಯೇಟರ್ ನಿಂತಿದ್ದು ಇವರಿಬ್ಬರ ಹೆಗಲ ಮೇಲೆ. ನಷ್ಟ ಬಂದರೆ ತುಂಬಿಕೊಡಲು ಸರ್ಕಾರದ ದುಡ್ಡಿಲ್ಲ, ಟ್ರಸ್ಟ್ ಇಲ್ಲ.

ಮುಂದೆ ಅಲ್ಲಿ ಸ್ಕೇಟಿಂಗ್ ನಡೆಯಿತು, ಕುಸ್ತಿ-ಬಾಕ್ಸಿಂಗ್ ನಡೆಯಿತು. 1878ರಲ್ಲಿ ಕಟ್ಟಡ ಅಪಾಯಕಾರಿ ಅಂತ ಮುಚ್ಚಿಸಿದರು. ಅದೇ ವರ್ಷ ಫೆಲ್ಪ್ಸ್ ಕೊನೆಯ ಸಲ ವೇದಿಕೆ ಹತ್ತಿದರು. ಪಾತ್ರ ಶೇಕ್ಸ್‌ಪಿಯರ್‌ನ 'ಹೆನ್ರಿ VIII' ನಾಟಕದ ಕಾರ್ಡಿನಲ್ ವೂಲ್ಸಿ, ತನ್ನ ವೈಭವಕ್ಕೆಲ್ಲ ವಿದಾಯ ಹೇಳುವ ಮನುಷ್ಯ. ನವೆಂಬರ್‌ನಲ್ಲಿ ತೀರಿಕೊಂಡರು.

ಥಿಯೇಟರ್ ನಡೆಸಿ ಅನುಭವವಿದ್ದ ಶ್ರೀಮತಿ ಬೇಟ್‌ಮನ್ 1879ರಲ್ಲಿ ಥಿಯೇಟರನ್ನು ಹೊಸದಾಗಿ ಕಟ್ಟಿಸಿ ತೆರೆದರು. ಎರಡೇ ವರ್ಷಕ್ಕೆ ಅವರೂ ಇಲ್ಲವಾದರು. ಆಮೇಲೆ ಮ್ಯೂಸಿಕ್ ಹಾಲ್, ಸಿನಿಮಾ, ಕೊನೆಗೆ ಬೀಗ. ಲಂಡನ್ನಿನ ಇನ್ನೊಂದು ಥಿಯೇಟರ್ ಓಲ್ಡ್ ವಿಕ್ ನಡೆಸುತ್ತಿದ್ದ ಲಿಲಿಯನ್ ಬೇಲಿಸ್ ಜನರಿಂದ ಚಂದಾ ಎತ್ತಿ, 1931ರ ಜನವರಿ 6ರಂದು ಮತ್ತೆ ಬಾಗಿಲು ತೆರೆಸಿದರು. ಮೊದಲ ನಾಟಕ 'ಟ್ವೆಲ್ಫ್ತ್ ನೈಟ್'. ಆದರೆ ಈ ಎರಡು ಥಿಯೇಟರುಗಳ ನಡುವೆ ನಾಟಕ, ಒಪೆರಾ, ಬ್ಯಾಲೆ ಮೂರನ್ನೂ ಓಡಾಡಿಸುವುದು ಕಷ್ಟವಾಯಿತು. ನಾಟಕ ಓಲ್ಡ್ ವಿಕ್‌ನಲ್ಲೇ ಉಳಿಯಿತು. ಇಲ್ಲಿಗೆ ಬಂದಿದ್ದು ಒಪೆರಾ ಮತ್ತು ಬ್ಯಾಲೆ.